ಬೀಗದ ಕೈ ಯಾರ ಹತ್ತಿರ? ಎಐ ಕಂಪನಿಯನ್ನು ಒಂದು ಚಾರಿಟಿ ಆಳುವುದು ಅಂದರೇನು

2025ರ ನವೆಂಬರ್ 4ರಿಂದ ಓಪನ್‌ಎಐ ಕಂಪನಿ ಭಾರತದಲ್ಲಿ ಚಾಟ್‌ಜಿಪಿಟಿ ಗೋ ಪ್ಲಾನನ್ನು ಒಂದು ವರ್ಷ ಉಚಿತವಾಗಿ ಕೊಡಲು ಶುರು ಮಾಡಿತು. ಅದೇ ದಿನ ಬೆಂಗಳೂರಿನಲ್ಲಿ ಅವರದೊಂದು ಕಾರ್ಯಕ್ರಮವೂ ಇತ್ತು. ತಿಂಗಳಿಗೆ 399 ರೂಪಾಯಿ ಇದ್ದದ್ದು ಸೊನ್ನೆಯಾದ ಮೇಲೆ ಕೇಳಬೇಕೇ? ನಮ್ಮ ಮನೆಯಲ್ಲೇ ಮೂರು ಫೋನಿಗೆ ಬಂತು. ಪಿಯುಸಿ ಓದುವ ಅಕ್ಕನ ಮಗಳು ಅದರ ಹತ್ತಿರ ಕನ್ನಡದಲ್ಲೇ ಕೆಮಿಸ್ಟ್ರಿ ಹೇಳಿಸಿಕೊಳ್ಳುತ್ತಾಳೆ. ಒಂದು ಸಂಜೆ ಕೇಳಿದಳು: "ಮಾಮ, ಇದು ಯಾರದು?"

"ಅಮೆರಿಕದ ಒಂದು ಕಂಪನಿಯದು" ಅಂದೆ. ಉತ್ತರ ತಪ್ಪಲ್ಲ, ಆದರೆ ಅರ್ಧ. ಏಕೆಂದರೆ ಆ ಉಚಿತ ಪ್ಲಾನ್ ಬರುವುದಕ್ಕೆ ಒಂದು ವಾರ ಮುಂಚೆ, ಅಕ್ಟೋಬರ್ 28ರಂದು, ಆ ಕಂಪನಿಯ ಒಡೆತನದ ಲೆಕ್ಕವೇ ಹೊಸದಾಗಿ ಬರೆಯಲ್ಪಟ್ಟಿತ್ತು. ಆ ಲೆಕ್ಕದ ತುದಿಯಲ್ಲಿ ಕೂತಿರುವುದು ಒಂದು ಲಾಭರಹಿತ ಸಂಸ್ಥೆ, ಅಂದರೆ ಚಾರಿಟಿ. ಸಾವಿರಾರು ಕೋಟಿ ಡಾಲರ್ ಬೆಲೆಯ ಕಂಪನಿಯನ್ನು ಚಾರಿಟಿಯೊಂದು ಆಳುವುದು ಹೇಗೆ? ನಿಜವಾಗಿ ಆಳುತ್ತದೆಯೇ? ನಮ್ಮ ಮಕ್ಕಳು ದಿನಾ ಮಾತಾಡುವ ಯಂತ್ರದ ವಿಷಯ ಇದು. ಹಾಗಾಗಿ ಬುಡದಿಂದಲೇ ನೋಡೋಣ.

## ಲಾಭರಹಿತ ಅಂದರೆ ದುಡ್ಡೇ ಮಾಡಬಾರದು ಅಂತಲ್ಲ

ಊರಲ್ಲಿ ಒಂದು ಟ್ರಸ್ಟ್ ಇದೆ ಅಂದುಕೊಳ್ಳಿ. ಅದಕ್ಕೊಂದು ಕಲ್ಯಾಣ ಮಂಟಪ. ಮದುವೆಗೆ ಬಾಡಿಗೆ ತಗೊಳ್ಳುತ್ತಾರೆ, ಸೀಸನ್ನಿನಲ್ಲಿ ಜಾಸ್ತಿಯೇ ತಗೊಳ್ಳುತ್ತಾರೆ. ವರ್ಷದ ಕೊನೆಗೆ ಖರ್ಚೆಲ್ಲ ಕಳೆದು ದುಡ್ಡು ಉಳಿಯುತ್ತದೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಉಳಿದ ದುಡ್ಡನ್ನು ಟ್ರಸ್ಟಿಗಳು ಮನೆಗೆ ಹಂಚಿಕೊಂಡು ಹೋಗುವ ಹಾಗಿಲ್ಲ. ಟ್ರಸ್ಟ್ ಯಾವ ಉದ್ದೇಶಕ್ಕೆ ಹುಟ್ಟಿತೋ, ಅನ್ನದಾನವೋ ಹಾಸ್ಟೆಲ್ಲೋ, ಅದಕ್ಕೇ ಹೋಗಬೇಕು. ಲಾಭರಹಿತ ಅನ್ನುವ ಮಾತಿನ ತಿರುಳು ಇಷ್ಟೇ. ದುಡಿಯಬಹುದು, ಹಂಚಿಕೊಳ್ಳುವಂತಿಲ್ಲ.

ಇನ್ನೊಂದು ಸಂಗತಿ ಇದರ ಜೊತೆಗೇ ಬರುತ್ತದೆ. ಕಲ್ಯಾಣ ಮಂಟಪಕ್ಕೆ ಜಾಗ ಕೊಟ್ಟ ಗೌಡರು ನಾಳೆ ಬಂದು "ನಂದು, ವಾಪಸ್ ಕೊಡಿ" ಅನ್ನುವ ಹಾಗಿಲ್ಲ. ಕೊಟ್ಟಾಯಿತು. ಟ್ರಸ್ಟಿಗಳೂ ಮಾಲೀಕರಲ್ಲ, ನೋಡಿಕೊಳ್ಳುವವರು ಮಾತ್ರ. ಹಾಗಾದರೆ ಮಾಲೀಕರು ಯಾರು? ತನ್ನದು ಅಂತ ಅನುಭವಿಸುವ ಮಾಲೀಕರು ಯಾರೂ ಇಲ್ಲ.

ಮಾಲೀಕರೇ ಇಲ್ಲದ ಆಸ್ತಿಯನ್ನು ಯಾರಾದರೂ ಹೊರಗಿನಿಂದ ಕಾಯಬೇಕಲ್ವಾ? ನಮ್ಮಲ್ಲಿ ಸರ್ಕಾರದ ಸುಪರ್ದಿಯ ದೇವಸ್ಥಾನಗಳನ್ನು ಮುಜರಾಯಿ ಇಲಾಖೆ ನೋಡುವ ಹಾಗೆ, ಅಮೆರಿಕದಲ್ಲಿ ಚಾರಿಟಿ ಆಸ್ತಿಯ ಮೇಲೆ ಆಯಾ ರಾಜ್ಯದ ಅಟಾರ್ನಿ ಜನರಲ್, ಅಂದರೆ ರಾಜ್ಯದ ಮುಖ್ಯ ಕಾನೂನು ಅಧಿಕಾರಿ, ಕಣ್ಣಿಡುತ್ತಾರೆ. ಈ ಹುದ್ದೆ ಮುಂದೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

## ಹಣದ ಹಕ್ಕು ಬೇರೆ, ಹಿಡಿತ ಬೇರೆ

ಈ ಒಂದು ವ್ಯತ್ಯಾಸ ತಿಳಿದರೆ ಉಳಿದದ್ದೆಲ್ಲ ಸಲೀಸು.

ಸಾಮಾನ್ಯವಾಗಿ ಒಂದು ಷೇರಿನ ಒಳಗೆ ಎರಡು ಹಕ್ಕು ಇರುತ್ತವೆ. ಒಂದು, ಲಾಭದಲ್ಲಿ ಪಾಲು. ಇನ್ನೊಂದು, ಓಟು: ಕಂಪನಿಯ ಬೋರ್ಡ್‌ನಲ್ಲಿ ಯಾರು ಕೂರಬೇಕು ಅಂತ ಹೇಳುವ ಹಕ್ಕು. ಇವೆರಡನ್ನೂ ಬಿಡಿಸಿ ಬೇರೆ ಬೇರೆ ಕೈಗೆ ಕೊಡಬಹುದು.

ನಮ್ಮ ಸರ್ಕಾರಿ ಶಾಲೆಯ ಬಿಸಿಯೂಟದ ತಟ್ಟೆ ನೋಡಿ. ಅದರಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಬರುವಂತಾಗಿದ್ದು 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ರಾಜ್ಯ ಸರ್ಕಾರದ ಜೊತೆ ಮಾಡಿಕೊಂಡ ಒಪ್ಪಂದದಿಂದ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿ. ಫೌಂಡೇಶನ್‌ಗೆ ಅಷ್ಟು ದುಡ್ಡಿನ ಬಲ ಬಂದದ್ದು ವಿಪ್ರೋ ಷೇರುಗಳಿಂದ. 2019ರ ಹೊತ್ತಿಗೆ ಅಜೀಂ ಪ್ರೇಮ್‌ಜಿಯವರು ವಿಪ್ರೋದ ಶೇ 67ರಷ್ಟು ಷೇರುಗಳ ಆದಾಯವನ್ನು ಈ ಕೆಲಸಕ್ಕೆ ಬರೆದುಕೊಟ್ಟಿದ್ದರು. ಆದರೆ ವಿಪ್ರೋ ಯಾವ ಸಾಫ್ಟ್‌ವೇರ್ ಮಾಡಬೇಕು, ಯಾವುದನ್ನು ಮಾಡಬಾರದು ಅಂತ ಫೌಂಡೇಶನ್ ಹೇಳುವುದಿಲ್ಲ. ಅದು ಹಣದ ಹರಿವು, ಅಷ್ಟೇ.

ಟಾಟಾ ಟ್ರಸ್ಟ್‌ಗಳ ಕಥೆ ಬೇರೆ. ಟಾಟಾ ಸನ್ಸ್‌ನ ಸುಮಾರು ಶೇ 66 ಷೇರು ಅವುಗಳ ಹತ್ತಿರ ಇದೆ. ಹಣವೂ ಬರುತ್ತದೆ, ಹಿಡಿತವೂ ಇದೆ. 2016ರ ಅಕ್ಟೋಬರ್‌ನಲ್ಲಿ ಟಾಟಾ ಸನ್ಸ್ ಬೋರ್ಡ್ ಅಧ್ಯಕ್ಷ ಸೈರಸ್ ಮಿಸ್ತ್ರಿಯವರನ್ನು ಇಳಿಸಿತು. ಕೋರ್ಟಿನಲ್ಲಿ ವರ್ಷಗಟ್ಟಲೆ ಹೋರಾಟ ನಡೆಯಿತು. 2021ರಲ್ಲಿ ಸುಪ್ರೀಂ ಕೋರ್ಟ್ ಟಾಟಾ ಸನ್ಸ್ ಪರವಾಗಿಯೇ ತೀರ್ಪು ಕೊಟ್ಟಿತು. ಇಳಿಸಿದ್ದು ಇಳಿಸಿದ ಹಾಗೇ ನಿಂತಿತು.

ಡೆನ್ಮಾರ್ಕ್‌ನಲ್ಲಿ ಇನ್ನೂ ಒಂದು ನಮೂನೆ ಇದೆ. ಇನ್ಸುಲಿನ್ ತಯಾರಿಸುವ ನೋವೋ ನಾರ್ಡಿಸ್ಕ್ ಕಂಪನಿಯ ಬಂಡವಾಳದಲ್ಲಿ ಅದರ ಫೌಂಡೇಶನ್ನಿನ ಪಾಲು ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಓಟಿನಲ್ಲಿ ಮಾತ್ರ ಮುಕ್ಕಾಲಿಗೂ ಜಾಸ್ತಿ. ಹಣ ಹೆಚ್ಚಾಗಿ ಬೇರೆಯವರದು, ಕೊನೇ ಮಾತು ಫೌಂಡೇಶನ್ನಿನದು.

ಅಂದರೆ ಚಾರಿಟಿಗಳು ದೊಡ್ಡ ಕಂಪನಿಗಳನ್ನು ಆಳುವುದು ಹೊಸದೇನಲ್ಲ. ಹೊಸದು ಯಾವುದು ಅಂದರೆ, ಎಐ ಕಂಪನಿಯ ಚಾರಿಟಿಗೆ ಒಪ್ಪಿಸಿದ ಕೆಲಸ. ಅದು ಮೊಟ್ಟೆ ಕೊಡುವ, ಆಸ್ಪತ್ರೆ ಕಟ್ಟುವ ಕೆಲಸ ಅಲ್ಲ. ಬೇಕಾದಾಗ ಕಂಪನಿಯ ಕೈ ಹಿಡಿದು ನಿಲ್ಲಿಸುವ ಕೆಲಸ.

## ಶುರುವಿನಲ್ಲಿ ಇನ್ಫೋಸಿಸ್ ಕೂಡ ಇತ್ತು

ಓಪನ್‌ಎಐ 2015ರ ಡಿಸೆಂಬರ್‌ನಲ್ಲಿ ಪೂರ್ತಿ ಚಾರಿಟಿಯಾಗಿಯೇ ಹುಟ್ಟಿತು. ಸ್ಯಾಮ್ ಆಲ್ಟ್‌ಮನ್ ಮತ್ತು ಇಲಾನ್ ಮಸ್ಕ್ ಇಬ್ಬರೂ ಸೇರಿ ಅದರ ಅಧ್ಯಕ್ಷರು. ಎಐ ಅನ್ನುವುದು ಇಡೀ ಮನುಕುಲಕ್ಕೆ ಉಪಯೋಗವಾಗಬೇಕು, ಯಾರದೋ ಲಾಭದ ಒತ್ತಡ ಅದರ ಮೇಲೆ ಇರಬಾರದು ಅನ್ನುವುದು ಘೋಷಣೆ. 100 ಕೋಟಿ ಡಾಲರ್ ದೇಣಿಗೆ ಕೊಡುತ್ತೇವೆ ಅಂತ ಮಾತು ಕೊಟ್ಟವರ ಪಟ್ಟಿಯಲ್ಲಿ ನಮ್ಮ ಬೆಂಗಳೂರಿನ ಇನ್ಫೋಸಿಸ್ ಹೆಸರೂ ಇತ್ತು. ಆಗ ಅದರ ಸಿಇಒ ಆಗಿದ್ದವರು ವಿಶಾಲ್ ಸಿಕ್ಕಾ. ಅದು ಹೂಡಿಕೆ ಅಲ್ಲ, ದೇಣಿಗೆ. ಕಲ್ಯಾಣ ಮಂಟಪಕ್ಕೆ ಜಾಗ ಕೊಟ್ಟ ಗೌಡರ ಹಾಗೆ. ಆ ದುಡ್ಡಿಗೆ ಇವತ್ತಿನ ಓಪನ್‌ಎಐನಲ್ಲಿ ಷೇರು ಬರುವುದಿಲ್ಲ.

ಮಾತು ಕೊಟ್ಟದ್ದು 100 ಕೋಟಿ ಡಾಲರ್. ಚಾರಿಟಿಗೆ ಕೊನೆಗೆ ಬಂದದ್ದು ಸುಮಾರು 13 ಕೋಟಿ ಡಾಲರ್. ಅಷ್ಟರಲ್ಲಿ ಎಐ ಕಲಿಸುವುದಕ್ಕೆ ಬೇಕಾದ ಚಿಪ್ಪು, ಕರೆಂಟು, ಎಂಜಿನಿಯರುಗಳ ಸಂಬಳ ಎಲ್ಲವೂ ಆಕಾಶಕ್ಕೇರಿದ್ದವು. ಮಸ್ಕ್ 2018ರಲ್ಲಿ ಬೋರ್ಡ್ ಬಿಟ್ಟು ಹೋದರು.

2019ರಲ್ಲಿ ಓಪನ್‌ಎಐ ಒಂದು ಹೊಸ ದಾರಿ ಕಂಡುಕೊಂಡಿತು. ಚಾರಿಟಿಯ ಕೆಳಗೆ ಒಂದು ಲಾಭದ ಕಂಪನಿ ಕಟ್ಟಿತು. ಹೂಡಿಕೆದಾರರು ದುಡ್ಡು ಹಾಕಬಹುದು, ಆದರೆ ಅವರ ಲಾಭಕ್ಕೊಂದು ಮಿತಿ. ಮೊದಲ ಸುತ್ತಿನಲ್ಲಿ ಬಂದವರಿಗೆ ನೂರು ಪಟ್ಟು. 1 ಲಕ್ಷ ಹಾಕಿದರೆ ಹೆಚ್ಚೆಂದರೆ 1 ಕೋಟಿ, ಅದರ ಮೇಲೆ ಬಂದದ್ದೆಲ್ಲ ಚಾರಿಟಿಗೆ. ಮೈಕ್ರೋಸಾಫ್ಟ್ ಅದೇ ವರ್ಷ 100 ಕೋಟಿ ಡಾಲರ್ ಹಾಕಿತು. ಹೂಡಿಕೆದಾರರ ಕರಾರುಪತ್ರದಲ್ಲೇ ಒಂದು ಎಚ್ಚರಿಕೆ ಬರೆದಿತ್ತು: ಇಲ್ಲಿ ಹಾಕುವ ದುಡ್ಡನ್ನು ದೇಣಿಗೆ ಕೊಟ್ಟ ಭಾವದಲ್ಲಿ ನೋಡುವುದು ಒಳ್ಳೆಯದು ಅಂತ.

ಎಲ್ಲದರ ಮೇಲೆ ಚಾರಿಟಿಯ ಬೋರ್ಡ್. ಅದರ ಹೊಣೆ ಹೂಡಿಕೆದಾರರಿಗಲ್ಲ, ಮನುಕುಲಕ್ಕೆ. ಕಾಗದದ ಮೇಲೆ ಇದಕ್ಕಿಂತ ಗಟ್ಟಿ ಬೀಗ ಇನ್ನೊಂದಿರಲಿಲ್ಲ.

## ಬೀಗ ಹಾಕಿ ನೋಡಿದ ಐದು ದಿನ

2023ರ ನವೆಂಬರ್ 17, ಶುಕ್ರವಾರ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಧ್ಯಾಹ್ನ 12. ನಮ್ಮಲ್ಲಿ ಆಗಲೇ ಶನಿವಾರ, ನಡುರಾತ್ರಿ ಕಳೆದು ಒಂದೂವರೆ. ಓಪನ್‌ಎಐ ಸಿಇಒ ಸ್ಯಾಮ್ ಆಲ್ಟ್‌ಮನ್ ಒಂದು ಗೂಗಲ್ ಮೀಟ್ ಕರೆಗೆ ಸೇರಿದರು. ಹಿಂದಿನ ರಾತ್ರಿ ಕಂಪನಿಯ ಮುಖ್ಯ ವಿಜ್ಞಾನಿ, ಬೋರ್ಡ್ ಸದಸ್ಯ ಇಲ್ಯಾ ಸುತ್ಸ್‌ಕೇವರ್ ಮೆಸೇಜ್ ಕಳಿಸಿ ಕರೆದಿದ್ದರು. ಪರದೆಯ ಮೇಲೆ ಬೋರ್ಡ್‌ನವರೆಲ್ಲ ಇದ್ದರು, ಅಧ್ಯಕ್ಷ ಗ್ರೆಗ್ ಬ್ರಾಕ್‌ಮನ್ ಒಬ್ಬರನ್ನು ಬಿಟ್ಟು. "ನಿಮ್ಮನ್ನು ತೆಗೆದಿದ್ದೇವೆ, ಸುದ್ದಿ ಈಗಲೇ ಹೊರಬೀಳುತ್ತದೆ" ಅನ್ನುವ ಅರ್ಥದ ಮಾತು. 12:19ಕ್ಕೆ ಬ್ರಾಕ್‌ಮನ್ ಅವರಿಗೂ ಮೆಸೇಜ್ ಬಂತು. 12:23ಕ್ಕೆ ಲಿಂಕ್. ಬೋರ್ಡ್‌ನಿಂದ ಅವರೂ ಹೊರಗೆ. ಅಂದೇ ಅವರು ಕೆಲಸವನ್ನೂ ಬಿಟ್ಟರು.

ಬೋರ್ಡ್ ಕೊಟ್ಟ ಕಾರಣ: ಆಲ್ಟ್‌ಮನ್ ತಮ್ಮ ಜೊತೆ ಯಾವಾಗಲೂ ಮುಚ್ಚುಮರೆಯಿಲ್ಲದೆ ಮಾತಾಡಿರಲಿಲ್ಲ. ಇದಕ್ಕಿಂತ ಹೆಚ್ಚು ವಿವರ ಆಗ ಸಿಗಲಿಲ್ಲ. ಮೈಕ್ರೋಸಾಫ್ಟ್‌ಗೆ ವಿಷಯ ಗೊತ್ತಾದದ್ದು ಪ್ರಕಟಣೆಗೆ ಸ್ವಲ್ಪ ಮುಂಚೆ ಮಾತ್ರ.

ಕಾನೂನಿನಂತೆ ಬೋರ್ಡ್ ಮಾಡಿದ್ದು ಅದರ ಅಧಿಕಾರದ ಒಳಗೇ ಇತ್ತು. ಯಾರನ್ನೂ ಕೇಳಬೇಕಿರಲಿಲ್ಲ.

ಭಾನುವಾರ ಆಲ್ಟ್‌ಮನ್ ಅದೇ ಕಚೇರಿಗೆ ಮಾತುಕತೆಗೆ ಹೋದರು. ಕೊರಳಿಗೆ ಅತಿಥಿಗಳಿಗೆ ಕೊಡುವ ಬ್ಯಾಡ್ಜ್. ಅದನ್ನು ಕೈಯಲ್ಲಿ ಹಿಡಿದು ಫೋಟೋ ಹಾಕಿದರು, ಇದನ್ನು ಹಾಕಿಕೊಳ್ಳುವುದು ಇದೇ ಮೊದಲು, ಇದೇ ಕೊನೆ ಅಂತ ಬರೆದರು. ಸೋಮವಾರ ಮೈಕ್ರೋಸಾಫ್ಟ್‌ನ ಸತ್ಯ ನಾದೆಲ್ಲಾ, ಆಲ್ಟ್‌ಮನ್ ಮತ್ತು ಬ್ರಾಕ್‌ಮನ್ ನಮ್ಮ ಕಂಪನಿಗೆ ಬರುತ್ತಾರೆ ಅಂದರು. ಓಪನ್‌ಎಐನ ಸುಮಾರು 770 ನೌಕರರಲ್ಲಿ 700ಕ್ಕೂ ಹೆಚ್ಚು ಜನ ಒಂದು ಪತ್ರಕ್ಕೆ ಸಹಿ ಹಾಕಿದರು: ಬೋರ್ಡ್ ರಾಜೀನಾಮೆ ಕೊಡಲಿ, ಇಲ್ಲದಿದ್ದರೆ ನಾವೂ ಮೈಕ್ರೋಸಾಫ್ಟ್‌ಗೆ ಹೋಗುತ್ತೇವೆ. ತೆಗೆದುಹಾಕಿದವರಲ್ಲಿ ಒಬ್ಬರಾದ ಸುತ್ಸ್‌ಕೇವರ್ ಕೂಡ ಆ ಪತ್ರಕ್ಕೆ ಸಹಿ ಹಾಕಿದರು. ಮಂಗಳವಾರ ರಾತ್ರಿ ಹೊತ್ತಿಗೆ ಆಲ್ಟ್‌ಮನ್ ವಾಪಸ್. ಬೋರ್ಡ್‌ನ ಹಳಬರಲ್ಲಿ ಉಳಿದವರು ಆಡಮ್ ಡಿ'ಏಂಜೆಲೋ ಒಬ್ಬರೇ.

ಟಾಟಾ ಸನ್ಸ್‌ನಲ್ಲಿ ನಿಂತ ನಿರ್ಧಾರ ಇಲ್ಲಿ ಯಾಕೆ ನಿಲ್ಲಲಿಲ್ಲ? ನನಗೆ ಕಾಣುವ ಮುಖ್ಯ ಕಾರಣ ಇದು. ಟಾಟಾ ಸನ್ಸ್‌ನ ಆಸ್ತಿ ಅಂದರೆ ಷೇರು, ಕಾರ್ಖಾನೆ, ಹೆಸರು. ಅಧ್ಯಕ್ಷರು ಹೋದರೂ ಅವು ಎಲ್ಲೂ ಹೋಗುವುದಿಲ್ಲ. ಎಐ ಕಂಪನಿಯ ಆಸ್ತಿಯ ದೊಡ್ಡ ಪಾಲು ಕೆಲವು ನೂರು ಜನರ ತಲೆಯಲ್ಲಿದೆ, ಬಾಡಿಗೆಯ ಕಂಪ್ಯೂಟರುಗಳಲ್ಲಿದೆ. ಆ ಕಂಪ್ಯೂಟರು ಕೊಡುತ್ತಿದ್ದದ್ದು ಮೈಕ್ರೋಸಾಫ್ಟ್. ಆ ಜನಕ್ಕೆ ತಮ್ಮ ಪಾಲು ಮಾರಿ ದುಡ್ಡು ಮಾಡಿಕೊಳ್ಳುವ ಅವಕಾಶವೂ ಆಗ ಹತ್ತಿರದಲ್ಲೇ ಇತ್ತು. ಕಲ್ಯಾಣ ಮಂಟಪದ ಬೀಗದ ಕೈ ಟ್ರಸ್ಟಿನದು ಸರಿ. ಆದರೆ ಅಡುಗೆಯವರು, ಓಲಗದವರು, ಪಾತ್ರೆ, ಗ್ಯಾಸ್ ಎಲ್ಲವೂ ಪಕ್ಕದ ಛತ್ರಕ್ಕೆ ಹೊರಟು ನಿಂತರೆ ಆ ಕೈ ಇಟ್ಟುಕೊಂಡು ಮಾಡುವುದೇನು?

## ಚಾರಿಟಿಯ ಹಿಡಿತಕ್ಕೆ ಬೆಲೆ ಎಷ್ಟು?

ಈ ಘಟನೆಯ ನಂತರ ಹೂಡಿಕೆದಾರರಿಗೆ ಈ ವ್ಯವಸ್ಥೆ ಬೇಡವಾಯಿತು. 2024ರ ಡಿಸೆಂಬರ್‌ನಲ್ಲಿ ಓಪನ್‌ಎಐ ಒಂದು ಯೋಜನೆ ಹೇಳಿತು: ಕೆಳಗಿನ ಕಂಪನಿ ಸ್ವತಂತ್ರವಾಗಿ ನಡೆಯಲಿ, ಚಾರಿಟಿ ಷೇರು ಇಟ್ಟುಕೊಂಡು ದಾನಧರ್ಮ ಮಾಡಲಿ. ಅಂದರೆ ಹಿಡಿತ ಬಿಟ್ಟು ಹಣ ತಗೊಳ್ಳುವುದು.

ಇಲ್ಲೊಂದು ಕಷ್ಟದ ಪ್ರಶ್ನೆ ಎದ್ದಿತು. ಹಿಡಿತ ಕೂಡ ಚಾರಿಟಿಯ ಆಸ್ತಿಯೇ. ಅದನ್ನು ಬಿಡುವುದಾದರೆ ಸರಿಯಾದ ಬೆಲೆ ಸಿಗಬೇಕು. ಆ ಬೆಲೆ ಹೇಳುವವರು ಯಾರು? 2025ರ ಫೆಬ್ರವರಿಯಲ್ಲಿ ಮಸ್ಕ್ ಮತ್ತು ಅವರ ಜೊತೆಗಾರರು 9,740 ಕೋಟಿ ಡಾಲರ್‌ಗೆ ಚಾರಿಟಿಯ ಆಸ್ತಿಯನ್ನು ಕೊಳ್ಳುತ್ತೇವೆ ಅಂದರು. ಬೋರ್ಡ್ ಒಪ್ಪಲಿಲ್ಲ. ಮಸ್ಕ್ 2024ರಲ್ಲೇ ಕೋರ್ಟಿಗೂ ಹೋಗಿದ್ದರು, ಚಾರಿಟಿ ಅಂತ ಹೇಳಿ ದೇಣಿಗೆ ಪಡೆದು ಈಗ ದಾರಿ ಬಿಟ್ಟಿದ್ದಾರೆ ಅನ್ನುವುದು ಅವರ ದೂರು. ಅಷ್ಟು ಹೊತ್ತಿಗೆ ಅವರಿಗೆ ತಮ್ಮದೇ ಎಐ ಕಂಪನಿ ಇತ್ತು, ಅದೂ ನೆನಪಿರಲಿ.

ಆದರೆ ಯೋಜನೆ ಬದಲಾದದ್ದು ಮುಖ್ಯವಾಗಿ ಆ ಹಳೇ ಪರಿಚಯದ ಹುದ್ದೆಯಿಂದ. ಓಪನ್‌ಎಐ ನೋಂದಣಿಯಾಗಿರುವ ಡೆಲವೇರ್ ಮತ್ತು ಕಚೇರಿ ಇರುವ ಕ್ಯಾಲಿಫೋರ್ನಿಯಾ ರಾಜ್ಯಗಳ ಅಟಾರ್ನಿ ಜನರಲ್‌ಗಳಾದ ಕ್ಯಾಥಿ ಜೆನ್ನಿಂಗ್ಸ್ ಮತ್ತು ರಾಬ್ ಬೋಂಟಾ ತನಿಖೆಗೆ ಕೂತರು. 2025ರ ಮೇ 5ರಂದು ಓಪನ್‌ಎಐ, ಚಾರಿಟಿಯ ಹಿಡಿತ ಉಳಿಯುತ್ತದೆ ಎಂದು ಪ್ರಕಟಿಸಿತು. ಅಕ್ಟೋಬರ್ 28ಕ್ಕೆ ಲೆಕ್ಕ ಮುಗಿಯಿತು.

ಆ ದಿನದ ಲೆಕ್ಕ ಹೀಗಿತ್ತು. ಚಾರಿಟಿಯ ಹೊಸ ಹೆಸರು ಓಪನ್‌ಎಐ ಫೌಂಡೇಶನ್. ಕೆಳಗಿನ ಕಂಪನಿಯಲ್ಲಿ ಅದರ ಪಾಲು ಸುಮಾರು ಶೇ 26. ಮೈಕ್ರೋಸಾಫ್ಟ್‌ನದು ಸುಮಾರು ಶೇ 27. ಉಳಿದ ಶೇ 47 ನೌಕರರು ಮತ್ತು ಬೇರೆ ಹೂಡಿಕೆದಾರರದು. ನೂರು ಪಟ್ಟಿನ ಮಿತಿ ಹೋಯಿತು. ಫೌಂಡೇಶನ್ ಪಾಲಿನ ಅಂದಾಜು ಬೆಲೆ 13,000 ಕೋಟಿ ಡಾಲರ್, ರೂಪಾಯಿಯಲ್ಲಿ 11 ಲಕ್ಷ ಕೋಟಿಗೂ ಜಾಸ್ತಿ. ನಮ್ಮ ರಾಜ್ಯದ 2025-26ರ ಬಜೆಟ್ 4.09 ಲಕ್ಷ ಕೋಟಿ. ಅದರ ಎರಡೂವರೆ ಪಟ್ಟಿಗೂ ಹೆಚ್ಚು! ಇದು ಷೇರಿನ ಬೆಲೆ, ಬ್ಯಾಂಕಿನಲ್ಲಿರುವ ದುಡ್ಡಲ್ಲ. ರೋಗಗಳಿಗೆ ಮದ್ದು ಹುಡುಕುವುದು, ಎಐನಿಂದ ಬರುವ ಅಪಾಯಗಳನ್ನು ತಡೆದುಕೊಳ್ಳುವ ಶಕ್ತಿ ಬೆಳೆಸುವುದು, ಇವೆರಡಕ್ಕೆ ಮೊದಲ ಹಂತದಲ್ಲಿ 2,500 ಕೋಟಿ ಡಾಲರ್ ಕೊಡುವುದಾಗಿ ಫೌಂಡೇಶನ್ ಹೇಳಿದೆ.

ಪಾಲು ಶೇ 26 ಆದರೂ, ಕಂಪನಿಯ ಬೋರ್ಡ್‌ಗೆ ಪ್ರತಿಯೊಬ್ಬರನ್ನೂ ನೇಮಿಸುವ ಮತ್ತು ತೆಗೆಯುವ ಹಕ್ಕು ಫೌಂಡೇಶನ್ನಿಗೆ ಮಾತ್ರ. ಡೆನ್ಮಾರ್ಕ್ ನಮೂನೆ ನೆನಪಾಯಿತಲ್ವಾ?

## ಕಂಪನಿ ಈಗ ಯಾವ ಜಾತಿಯದು?

ಕೆಳಗಿನ ಕಂಪನಿ ಈಗ ಪಬ್ಲಿಕ್ ಬೆನಿಫಿಟ್ ಕಾರ್ಪೊರೇಷನ್. ಜನಹಿತದ ಕಂಪನಿ ಅನ್ನಬಹುದು. ಡೆಲವೇರ್‌ನಲ್ಲಿ 2013ರಿಂದ ಈ ಬಗೆಯ ಕಂಪನಿಗೆ ಕಾನೂನಿದೆ. ಇದು ಚಾರಿಟಿ ಅಲ್ಲ, ಲಾಭ ಹಂಚಬಹುದು. ಆದರೆ ಬೋರ್ಡ್ ಮೂರು ತಕ್ಕಡಿ ತೂಗಬೇಕು: ಷೇರುದಾರರ ಲಾಭ, ಕಂಪನಿಯ ಕೆಲಸದಿಂದ ಬಾಧಿತರಾಗುವವರ ಹಿತ, ಮತ್ತು ಬರೆದುಕೊಟ್ಟ ಜನಹಿತದ ಉದ್ದೇಶ.

ಕೇಳಲು ಚೆನ್ನಾಗಿದೆ. ಆದರೆ ಬೋರ್ಡ್ ಸರಿಯಾಗಿ ತೂಗಲಿಲ್ಲ ಅಂತ ಕೇಸು ಹಾಕುವ ಹಕ್ಕು ಷೇರುದಾರರಿಗೆ ಮಾತ್ರ, ಅದೂ ಸಾಮಾನ್ಯವಾಗಿ ಶೇ 2ರಷ್ಟು ಪಾಲಾದರೂ ಒಟ್ಟಿಗೆ ಇದ್ದರೆ. ಯಾರ ಹಿತಕ್ಕಾಗಿ ಈ ಕಾನೂನೋ ಅವರಿಗೆ ಬಾಗಿಲಿಲ್ಲ. ಅದಕ್ಕೇ ಡೆಲವೇರ್ ಒಪ್ಪಿಗೆಗೆ ಒಂದು ಷರತ್ತು ಹಾಕಿತು: ಸುರಕ್ಷತೆಯ ವಿಷಯ ಬಂದಾಗ ಕಂಪನಿಯ ಬೋರ್ಡ್ ಷೇರುದಾರರ ಲಾಭವನ್ನು ಲೆಕ್ಕಕ್ಕೇ ತಗೊಳ್ಳಬಾರದು, ಉದ್ದೇಶವನ್ನು ಮಾತ್ರ ನೋಡಬೇಕು. ಸುರಕ್ಷತಾ ಸಮಿತಿಯನ್ನೂ ಫೌಂಡೇಶನ್ನಿನಲ್ಲೇ ಇಡಲಾಯಿತು. ಅದರ ಮುಖ್ಯಸ್ಥರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಝಿಕೋ ಕೋಲ್ಟರ್. ಹೊಸ ಎಐ ಮಾದರಿ ಹೊರಗೆ ಬಿಡುವುದನ್ನು ತಡೆಯುವ ಅಧಿಕಾರ ಆ ಸಮಿತಿಗಿದೆ. ನನ್ನ ಮಟ್ಟಿಗೆ ಇಡೀ ಒಪ್ಪಂದದಲ್ಲಿ ಶೇಕಡಾ ಲೆಕ್ಕಕ್ಕಿಂತ ಮುಖ್ಯವಾದ ಸಾಲು ಇದು.

ಬೇರೆ ಕಂಪನಿಗಳೂ ಇದೇ ಪ್ರಶ್ನೆಗೆ ತಮ್ಮ ತಮ್ಮ ಉತ್ತರ ಹುಡುಕಿವೆ. ಓಪನ್‌ಎಐ ಬಿಟ್ಟು ಬಂದವರು 2021ರಲ್ಲಿ ಕಟ್ಟಿದ ಆಂಥ್ರೋಪಿಕ್ ಮೊದಲಿಂದಲೂ ಜನಹಿತದ ಕಂಪನಿ. ಬೆಂಗಳೂರಿನಲ್ಲಿ ಕಚೇರಿ ತೆರೆಯುವುದಾಗಿ ಅದು 2025ರ ಅಕ್ಟೋಬರ್‌ನಲ್ಲಿ ಹೇಳಿತು. ಅಲ್ಲಿ ಚಾರಿಟಿಯ ಬದಲು ಒಂದು ಟ್ರಸ್ಟ್ ಇದೆ. ಟ್ರಸ್ಟಿಗಳಿಗೆ ಕಂಪನಿಯಲ್ಲಿ ಹಣದ ಪಾಲಿಲ್ಲ, ಆದರೆ ಕಾಲಕ್ರಮದಲ್ಲಿ ಬೋರ್ಡ್‌ನ ಬಹುಪಾಲು ಜನರನ್ನು ಆರಿಸುವ ಹಕ್ಕಿದೆ. ಒಂದು ತೆರಪೂ ಇದೆ: ಷೇರುದಾರರಲ್ಲಿ ತುಂಬಾ ದೊಡ್ಡ ಬಹುಮತ ಒಪ್ಪಿದರೆ ಟ್ರಸ್ಟಿಗಳನ್ನು ಕೇಳದೆ ಟ್ರಸ್ಟಿನ ನಿಯಮ ಬದಲಾಯಿಸಬಹುದು. ಗೂಗಲ್, ಮೆಟಾದಲ್ಲಿ ಇಂಥ ಪ್ರತ್ಯೇಕ ಬೀಗ ಯಾವುದೂ ಇಲ್ಲ, ಅವು ಮಾಮೂಲಿ ಕಂಪನಿಗಳು.

## ಆ ಶುಕ್ರವಾರ ಮತ್ತೆ ಬಂದರೆ?

ಫೌಂಡೇಶನ್ ಬೋರ್ಡ್ ಇವತ್ತೂ ಕಂಪನಿಯ ಬೋರ್ಡನ್ನು ಬದಲಾಯಿಸಬಹುದು, ಕಂಪನಿಯ ಬೋರ್ಡ್ ಸಿಇಒ ಅವರನ್ನು ತೆಗೆಯಬಹುದು. ಎರಡು ಸಂಗತಿ ಮಾತ್ರ ಹಾಗೇ ಇವೆ. ಒಂದು, ಹೊಸ ವ್ಯವಸ್ಥೆ ಶುರುವಾದಾಗ ಎರಡೂ ಬೋರ್ಡ್‌ಗಳಲ್ಲಿ ಕೂತವರು ಬಹುತೇಕ ಅದೇ ಜನ. ಕಾಯುವವರು ಮತ್ತು ಕಾಯಿಸಿಕೊಳ್ಳುವವರು ಒಂದೇ ಮೇಜಿನಲ್ಲಿ. ಇನ್ನೊಂದು, ನೌಕರರ ಬಲ ಕಡಿಮೆಯಾಗಿಲ್ಲ. ಅವರ ಪಾಲಿಗೆ ಈಗ ಮಿತಿಯೂ ಇಲ್ಲ, ಕಂಪನಿಯ ಬೆಲೆ 2025ರ ಅಕ್ಟೋಬರ್ ಹೊತ್ತಿಗೇ 50,000 ಕೋಟಿ ಡಾಲರ್ ಆಗಿತ್ತು.

ಅಕ್ಕನ ಮಗಳಿಗೆ ಇದನ್ನೆಲ್ಲ ಸಾವಕಾಶವಾಗಿ ಹೇಳಿದೆ. ಪೂರ್ತಿ ಕೇಳಿದಳು. ಆಮೇಲೆ, "ಫೌಂಡೇಶನ್ ಬೋರ್ಡ್‌ನವರನ್ನು ಯಾರು ಆರಿಸ್ತಾರೆ?" ಅಂದಳು.

ಅವರನ್ನು ಅವರೇ ಆರಿಸುತ್ತಾರೆ. ಒಬ್ಬರು ಹೋದರೆ ಉಳಿದವರು ಇನ್ನೊಬ್ಬರನ್ನು ತರುತ್ತಾರೆ. ನಮ್ಮೂರಿನ ಎಷ್ಟೋ ಟ್ರಸ್ಟ್‌ಗಳೂ ಹೀಗೇ ನಡೆಯುತ್ತವೆ. ಅವರ ಮೇಲೆ ಕಣ್ಣಿಡಲು ಜನ ಓಟು ಹಾಕಿ ಆರಿಸಿದವರು ಅಂತ ಇರುವುದು ಆ ಇಬ್ಬರು ಅಟಾರ್ನಿ ಜನರಲ್‌ಗಳು. ಒಬ್ಬರನ್ನು ಆರಿಸುವವರು ಕ್ಯಾಲಿಫೋರ್ನಿಯಾದ ಮತದಾರರು. ಇನ್ನೊಬ್ಬರನ್ನು ಆರಿಸುವವರು ಡೆಲವೇರ್‌ನ ಜನ. ಆ ಇಡೀ ರಾಜ್ಯದ ಜನಸಂಖ್ಯೆ ಸುಮಾರು 10 ಲಕ್ಷ, ಹೆಚ್ಚುಕಡಿಮೆ ನಮ್ಮ ಮೈಸೂರು ನಗರದಷ್ಟು.